ಸವಾಯ್ ಹೋಟೆಲಿನ ಪ್ರೇತವೃತ್ತಾಂತ

ಡೆಹರಾಡೂನಿನ ಬಯಲಿನಿಂದ ಮಸ್ಸೂರಿಯ ಬೆಟ್ಟಸಾಲಿಗೆ ಮೋಟಾರು ರಸ್ತೆ ಏರುವುದಕ್ಕೆ ಬಹುಕಾಲ ಮುಂಚೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಬೆಟ್ಟದ ಬುಡದಲ್ಲಿರುವ ರಾಜಪುರದಿಂದ ಎತ್ತಿನ ಗಾಡಿಗಳ ಸಾಲೊಂದು ಮೇಲಕ್ಕೆ ಹೊರಟಿತ್ತು. ಆ ಗಾಡಿಗಳ ಮೇಲೆ ಬಿಲಿಯರ್ಡ್ಸ್ ಮೇಜುಗಳಿದ್ದುವು, ದೊಡ್ಡ ಪಿಯಾನೊಗಳಿದ್ದುವು, ವಿಲಾಯತಿ ಮಂಚ ಕುರ್ಚಿ ನಿಲುವುಗನ್ನಡಿಗಳಿದ್ದುವು, ಮದ್ಯದ ಪೀಪಾಯಿಗಳಿದ್ದುವು. ಗಾಡಿ ಏರಲಾರದ ತಿರುವುಗಳಲ್ಲಿ ಗಢವಾಲದ ಮತ್ತು ನೇಪಾಳದ ಹೊರೆಯಾಳುಗಳು ಹೆಗಲು ಕೊಟ್ಟು, ಹಗ್ಗ ಹಿಡಿದು, ಒಂದೊಂದೇ ಮಾರು ಎಳೆದು, ಸಮುದ್ರಮಟ್ಟದಿಂದ ಆರು ಸಾವಿರ ಅಡಿಗಳಿಗೂ ಮಿಕ್ಕಿ ಎತ್ತರವಾದ ಆ ಏಣಿನ ಮೇಲೆ ಅವನ್ನೆಲ್ಲ ಮುಟ್ಟಿಸಿದರು. ಲಖನೌದಲ್ಲಿ ಬ್ಯಾರಿಸ್ಟರ್ ವೃತ್ತಿಯಲ್ಲಿ ಹಣ ಗಳಿಸಿದ ಐರ್ಲೆಂಡಿನವನಾದ ಸಿಸಿಲ್ ಲಿಂಕನ್ ಎಂಬಾತ, ಮ್ಯಾಡಕ್ ಪಾದ್ರಿಯ ಹಳೆಯ ಶಾಲೆಯಿದ್ದ ಜಾಗವನ್ನು ಕೊಂಡು ಅಲ್ಲಿ ಕಟ್ಟಿಸುತ್ತಿದ್ದ ಸವಾಯ್ ಹೋಟೆಲಿಗೆ ಈ ಸಾಮಗ್ರಿ ಸಂದಿತು. 1902ರಲ್ಲಿ ಹೋಟೆಲು ಬಾಗಿಲು ತೆರೆಯಿತು. ಈ ದಿನ ಅದನ್ನು ನೋಡಹೋಗುವವರಿಗೆ ಆ ಬೆಟ್ಟದ ಜನ ಮೊದಲು ಹೇಳುವುದು ಈ ಸಂಗತಿಯನ್ನಲ್ಲ. ಅಲ್ಲಿ ನಡುರಾತ್ರಿ ಓಡಾಡುವಳೆನ್ನಲಾದ ಒಬ್ಬ ಆಂಗ್ಲ ಸ್ತ್ರೀಯ ಪ್ರೇತದ ಸಂಗತಿಯನ್ನು.

ನಮ್ಮ ನಾಡಿನ ದೆವ್ವಗಳಿಗೆ ವಾಸಸ್ಥಾನದ ವಿಷಯದಲ್ಲಿ ಒಂದು ಮರ್ಯಾದೆಯುಂಟು. ಹುಣಿಸೆಯ ಮರ, ಊರಾಚೆಯ ಬಾವಿ, ಹಾಳುಬಿದ್ದ ಮಂಟಪ, ಕೆರೆಯ ತೂಬು, ಇವು ಅವುಗಳ ನೆಲೆ. ಸಂಸಾರವಂದಿಗರ ಮನೆಯೊಳಗೆ ಅವು ಕಾಲಿಟ್ಟರೂ ಮಂತ್ರವಾದಿ ಬಂದು ಹೊರದೂಡುವ ತನಕ ಮಾತ್ರ. ಯೂರೋಪಿಯನರ ಪ್ರೇತದ ರೀತಿಯೇ ಬೇರೆ. ಅದಕ್ಕೆ ಗೋಡೆ ಬೇಕು, ಮಹಡಿಯ ಮೆಟ್ಟಿಲು ಬೇಕು, ಉದ್ದವಾದ ಓಣಿಯಂತಹ ಪಡಸಾಲೆ ಬೇಕು, ಬೀಗ ಹಾಕಿದ ಕೋಣೆ ಬೇಕು. ಆಂಗ್ಲರು ತಮ್ಮ ಉದ್ಯಾನ, ಇಗರ್ಜಿ, ಕ್ಲಬ್ಬು, ಕುದುರೆಯ ಜೂಜುಗಳನ್ನು ಹಿಮಾಲಯದ ಹೆಗಲಿಗೆ ಹೊತ್ತು ತಂದಾಗ ಈ ಜಾತಿಯ ಪ್ರೇತವನ್ನೂ ಜತೆಗೆ ತಂದರೆಂದು ಹೇಳಬಹುದು.

ಅದು ಬೇರುಬಿಡುವುದಕ್ಕೆ ಮಸ್ಸೂರಿಯ ನೆಲವೂ ಅನುಕೂಲವಾಗಿಯೇ ಇದ್ದಿತು. ಗೂರ್ಖಾ ಯುದ್ಧದ ಅನಂತರ ಡೂನ್ ಕಣಿವೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ, 1820ರ ದಶಕದಲ್ಲಿ ಕ್ಯಾಪ್ಟನ್ ಯಂಗ್ ಮತ್ತು ಅವನ ಸ್ನೇಹಿತರು ಬೇಟೆಗಾಗಿ ಹಾಕಿದ ಗುಡಿಸಲಿನಿಂದ ಆ ಊರು ಹುಟ್ಟಿತು. ಅದರ ಮೇಲ್ಗಡೆಯ ಲಂಡೌರಿನಲ್ಲಿ ಸರ್ಕಾರವು ಆ ದಶಕದ ಕೊನೆಗೆ ರೋಗಿಷ್ಠರಾದ ಸಿಪಾಯಿಗಳ ಚೇತರಿಕೆಗೆಂದು ಪಾಳೆಯವನ್ನು ಏರ್ಪಡಿಸಿತು. ಬಯಲಿನ ಜ್ವರ, ಅತಿಸಾರ, ಸುರಾಪಾನಗಳಿಂದ ಜರ್ಝರಿತರಾಗಿ ಆಳುಗಳು ಹೊರುವ ಡಾಂಡಿಗಳಲ್ಲಿ ಕುಳಿತು ಬೆಟ್ಟವೇರಿದವರಲ್ಲಿ ಎಲ್ಲರೂ ಇಳಿಯಲಿಲ್ಲ. ದೇವದಾರು ಮರಗಳ ಅಡಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕೊರೆದ ಸ್ಮಶಾನಗಳಲ್ಲಿ ಇಪ್ಪತ್ತರ ಪ್ರಾಯದ ಸಿಪಾಯಿಗಳೂ, ಹೆರಿಗೆಯಲ್ಲಿ ಸತ್ತ ಹೆಂಗಸರೂ, ವರ್ಷ ತುಂಬದ ಶಿಶುಗಳೂ ಮಲಗಿದರು. ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಪರವಾಗಿ ವಕಾಲತ್ತು ವಹಿಸಿದ್ದ, ಆಸ್ಟ್ರೇಲಿಯದಲ್ಲಿ ಹುಟ್ಟಿದ ಲೇಖಕ ಜಾನ್ ಲ್ಯಾಂಗ್ 1864ರಲ್ಲಿ ಮಸ್ಸೂರಿಯಲ್ಲಿಯೇ ತೀರಿಕೊಂಡು ಕ್ಯಾಮೆಲ್ಸ್ ಬ್ಯಾಕ್ ರಸ್ತೆಯ ಸ್ಮಶಾನದಲ್ಲಿ ಸಮಾಧಿಯಾದನು. ಸುಮಾರು ನೂರು ವರ್ಷ ಜನ ಆ ಸಮಾಧಿಯನ್ನು ಮರೆತಿದ್ದು, ಕೊನೆಗೆ ಲೇಖಕ ರಸ್ಕಿನ್ ಬಾಂಡ್ ಪಾಚಿ ಕೆರೆದು ಆ ಶಿಲೆಯನ್ನು ಗುರುತಿಸಿದರು. ವಿಹಾರಕ್ಕೆಂದು ಬಂದವರ ನಗೆಯೂ ಮರಣಕ್ಕೆಂದು ಬಂದವರ ಕೆಮ್ಮೂ ಒಂದೇ ಗಾಳಿಯಲ್ಲಿ ಬೆರೆತಿದ್ದ ಊರು ಅದು.

ಸವಾಯ್ ಹೋಟೆಲು ಮಾತ್ರ ವಿಹಾರದ ಪಕ್ಷಕ್ಕೆ ಸೇರಿದ್ದು. ಇಂಗ್ಲಿಷ್ ಗಾಥಿಕ್ ಶೈಲಿಯ ಚೂಪುಕಮಾನಿನ ಕಿಟಕಿಗಳು, ಗೋಪುರದಂತೆ ಮೊನಚಾದ ಮಾಡುಗಳು, ಉದ್ದುದ್ದನೆಯ ಮರದ ಜಗಲಿಗಳು, ನೂರಕ್ಕೂ ಮಿಕ್ಕ ಕೋಣೆಗಳು, ತನ್ನದೇ ಆದ ಅಂಚೆ ಕಚೇರಿ, ಭವ್ಯವಾದ ನರ್ತನಶಾಲೆ, ಇವುಗಳಿಂದ ಅದು ಆ ಬೆಟ್ಟದ ಮೇಲೊಂದು ಪ್ರತ್ಯೇಕವಾದ ಪಟ್ಟಣದಂತೆಯೇ ಇದ್ದಿತು. 1900ರಲ್ಲಿ ರೈಲು ಡೆಹರಾಡೂನಿನವರೆಗೆ ಬಂದುದು ಅದರ ಭಾಗ್ಯವನ್ನು ತೆರೆಯಿತು; ಅಲ್ಲಿಯವರೆಗೆ ಸಹಾರನ್‌ಪುರದಲ್ಲಿ ರೈಲಿನಿಂದ ಇಳಿದು ಗಾಡಿಯಲ್ಲಿ ಧೂಳು ಕುಡಿಯುತ್ತ ಬರಬೇಕಾಗಿದ್ದ ಸಾಹೇಬರು ಈಗ ಬೆಟ್ಟದ ಬುಡದವರೆಗೆ ಸುಖವಾಗಿ ಬಂದು, ಉಳಿದ ದಾರಿಯನ್ನು ಕುದುರೆಯ ಮೇಲೋ ಡಾಂಡಿಯಲ್ಲೋ ಕ್ರಮಿಸುವಂತಾಯಿತು. 1905ರ ಏಪ್ರಿಲ್ 4ರಂದು ಕಾಂಗಡಾ ಕಣಿವೆಯನ್ನು ನೆಲಸಮ ಮಾಡಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಬಲಿತೆಗೆದುಕೊಂಡ ಭೂಕಂಪದ ಏಟು ಡೂನ್ ಕಣಿವೆಗೂ ಮಸ್ಸೂರಿಗೂ ಬಲವಾಗಿಯೇ ತಗುಲಿ ಹೋಟೆಲು ಘಾಸಿಗೊಂಡಿತು. ಮರುವರ್ಷ, ಮುಂದೆ ಮೇರಿ ರಾಣಿಯಾದ ವೇಲ್ಸ್ ರಾಜಕುಮಾರಿ ಮಸ್ಸೂರಿಗೆ ಬಂದಾಗ ಅದರ ತೋಟದಲ್ಲಿ ಔತಣ ನಡೆಯಿತು. ರಾಜಕುಮಾರಿ ಬಂದುಹೋದ ಬೆನ್ನಿಗೇ ಭೂಕಂಪವಾಯಿತೆಂದು ಹೇಳುವವರೂ ಉಂಟು. ಕಾಲಾನುಕ್ರಮ ತಲೆಕೆಳಗಾದರೂ ಕಥೆ ರುಚಿಯಾಗುತ್ತದೆಂಬುದಕ್ಕೆ ಇದು ಮೊದಲನೆಯ ಉದಾಹರಣೆ, ಕೊನೆಯದಲ್ಲ. ನಸುಕಿನಲ್ಲಿ ಈ ಹೋಟೆಲಿನಲ್ಲಿ ಒಂದು ಗಂಟೆ ಬಾರಿಸುತ್ತಿದ್ದರೆಂದೂ, ಅದನ್ನು ಕೇಳಿ ಭಕ್ತರು ಪ್ರಾರ್ಥನೆಗೆ ಏಳುತ್ತಿದ್ದರೆಂದೂ, ಅಷ್ಟೇನೂ ಭಕ್ತರಲ್ಲದವರು ತಂತಮ್ಮ ಸ್ವಂತ ಹಾಸಿಗೆಗೆ ಮರಳುತ್ತಿದ್ದರೆಂದೂ ಅಮೆರಿಕದ ಪ್ರವಾಸಲೇಖಕ ಲೊವೆಲ್ ಥಾಮಸ್ ವಿನೋದವಾಗಿ ಬರೆದಿಟ್ಟಿದ್ದಾನೆ. ನಡುರಾತ್ರಿ ಪಡಸಾಲೆಯಲ್ಲಿ ಕೇಳಿಬರುವ ಮೆಲ್ಲನೆಯ ಹೆಜ್ಜೆಯ ಸದ್ದಿಗೆ ಆ ಕಾಲದಲ್ಲಿ ಪ್ರೇತದ ವಿವರಣೆ ಅಗತ್ಯವಿರಲಿಲ್ಲವೆಂದು ಇದರಿಂದ ಊಹಿಸಬಹುದು.

ಇಂತಹ ಮನೆಗೆ 1911ರ ಬೇಸಗೆಯಲ್ಲಿ ಲಖನೌದಿಂದ ಇಬ್ಬರು ಹೆಂಗಸರು ಬಂದಿಳಿದರು. ಒಬ್ಬಳು ನಲವತ್ತೊಂಬತ್ತು ವರ್ಷದ ಅವಿವಾಹಿತೆ ಮಿಸ್ ಫ್ರಾನ್ಸಿಸ್ ಗಾರ್ನೆಟ್-ಆರ್ಮ್. ಇನ್ನೊಬ್ಬಳು ಅವಳ ಸಂಗಾತಿ ಈವಾ ಮೌಂಟ್‌ಸ್ಟೀಫನ್. ಮದುವೆ ನಿಶ್ಚಯವಾಗಿದ್ದ ಸೇನಾಧಿಕಾರಿ ಲಗ್ನಕ್ಕೆ ಮೊದಲೇ ತೀರಿಕೊಂಡ ದುಃಖದಿಂದ ಫ್ರಾನ್ಸಿಸ್ ಎಂದೂ ಹೊರಬರಲಿಲ್ಲವೆಂದು ಆ ಪ್ರಕರಣವನ್ನು ಬರೆದವರು ಹೇಳುತ್ತಾರೆ. ಸತ್ತವನೊಡನೆ ಮಾತನಾಡುವ ಆಸೆ ಅವಳನ್ನು ಪ್ರೇತಾವಾಹನ ವಿದ್ಯೆಗೆ ಎಳೆಯಿತು. ಸ್ಫಟಿಕ ಗೋಲದೊಳಗೆ ದೃಷ್ಟಿಯಿಟ್ಟು ಭೂತಭವಿಷ್ಯಗಳನ್ನು ಕಾಣುವ, ಮೇಜಿನ ಮೇಲೆ ಬೆರಳೂರಿ ಕುಳಿತು ಆತ್ಮಗಳ ಬಡಿತವನ್ನು ಓದುವ ಕಲೆಯಲ್ಲಿ ಈವಾ ನುರಿತವಳಾಗಿದ್ದಳು.

ಈ ವಿದ್ಯೆಯನ್ನು ಇಬ್ಬರು ಒಂಟಿ ಹೆಂಗಸರ ಮರುಳೆಂದು ತಳ್ಳಿಹಾಕುವುದು ಚರಿತ್ರೆಗೆ ಅನ್ಯಾಯ. 1848ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಹುಡುಗಿಯರು ಗೋಡೆಯಲ್ಲಿ ಕೇಳಿಬಂದ ಬಡಿತಗಳಿಗೆ ಪ್ರಶ್ನೆ ಹಾಕಿ ಉತ್ತರ ಪಡೆದರೆಂಬ ಸುದ್ದಿ ಹಬ್ಬಿದಂದಿನಿಂದ ಅದು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಅರೆಮತದಂತೆ ಬೆಳೆದಿತ್ತು. ಆ ಸೋದರಿಯರಲ್ಲಿ ಒಬ್ಬಳಾದ ಮಾರ್ಗರೆಟ್, 1888ರಲ್ಲಿ ತುಂಬಿದ ಸಭೆಯೆದುರು, ತಾವು ಕಾಲ್ಬೆರಳ ನೆಟಿಗೆ ಮುರಿದು ಆ ಸದ್ದನ್ನು ಮಾಡುತ್ತಿದ್ದೆವೆಂದು ಒಪ್ಪಿಕೊಂಡರೂ ಭಕ್ತರ ಭಕ್ತಿ ಕುಂದಲಿಲ್ಲ. 1882ರಲ್ಲಿ ಲಂಡನ್ನಿನಲ್ಲಿ ವಿದ್ವಾಂಸರೇ ಸೇರಿ ಅತೀಂದ್ರಿಯ ವಿಷಯಗಳ ಸಂಶೋಧನೆಗೆ ಒಂದು ಸಂಘವನ್ನು ಕಟ್ಟಿದ್ದರು. ತರ್ಕವೇ ಮೂರ್ತಿವೆತ್ತಂತಿರುವ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಕೂಡ ಮುಂದೆ ಈ ಪಂಥದ ಪ್ರಚಾರಕನಾದನು. ಮಕ್ಕಳನ್ನೂ ಗಂಡಂದಿರನ್ನೂ ಪರದೇಶದ ಮಣ್ಣಿನಲ್ಲಿ ಹೂಳಿ, ತಾವೂ ಎಂದು ಹೂಳಲ್ಪಡುವೆವೋ ಎಂದು ಕಾಯುತ್ತಿದ್ದ ಭಾರತದ ಆಂಗ್ಲಸಮಾಜಕ್ಕೆ, ಮಂಜು ಕವಿದ ಸಂಜೆಗಳಲ್ಲಿ ಇದಕ್ಕಿಂತ ಒಗ್ಗುವ ಕಾಲಕ್ಷೇಪ ಬೇರೊಂದಿರಲಾರದು.

ಕೆಲಕಾಲ ಜತೆಗಿದ್ದು ಈವಾ ಲಖನೌಗೆ ಹಿಂದಿರುಗಿದಳು. ಅವಳು ಹೊರಟುಹೋದ ಕೆಲವು ದಿನಗಳ ಮೇಲೆ, ಸೆಪ್ಟೆಂಬರಿನಲ್ಲಿ, ಒಂದು ಬೆಳಗ್ಗೆ ಫ್ರಾನ್ಸಿಸಳ ಕೋಣೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅಗಣಿ ಹಾಕಿದ್ದಿತು. ಒಳಹೊಕ್ಕವರಿಗೆ ಕಂಡುದು ಹಾಸಿಗೆಯ ಮೇಲೆ ಅವಳ ಶವ. ಪರೀಕ್ಷಿಸಿದ ವೈದ್ಯರು ಪ್ರಸಿಕ್ ಆಮ್ಲದ ವಿಷದಿಂದ ಮರಣ ಸಂಭವಿಸಿದೆಯೆಂದು ತೀರ್ಮಾನಿಸಿದರು. ಕಹಿ ಬಾದಾಮಿಯ ವಾಸನೆಯಿರುವ ಈ ವಿಷದ ಕೆಲಸ ಅತಿ ಶೀಘ್ರ. ಹತ್ತಿರದಲ್ಲಿದ್ದು ಕುಡಿಸಿದವರು ಹೊರಹೋಗಿ, ಸಾಯುತ್ತಿರುವವಳು ಎದ್ದು ಅಗಣಿ ಹಾಕಿಕೊಳ್ಳುವಷ್ಟು ಅವಕಾಶವನ್ನು ಅದು ಕೊಡುವುದಿಲ್ಲ. ಆದುದರಿಂದ, ಒಂದೋ ಅವಳೇ ಬೇಕೆಂದು ಕುಡಿದಿರಬೇಕು, ಅಥವಾ ಅವಳು ನಂಬಿ ಸೇವಿಸುತ್ತಿದ್ದ ಔಷಧದಲ್ಲಿ ಬೇರೆಯವರು ಮೊದಲೇ ವಿಷವನ್ನು ಬೆರೆಸಿಟ್ಟು ದೂರ ಹೋಗಿರಬೇಕು. ಪೊಲೀಸರು ಎರಡನೆಯದನ್ನು ಹಿಡಿದರು. ಈವಾ ಬಂಧಿತಳಾದಳು. ಮೃತಳ ಆಸ್ತಿಯ ಮೇಲಿನ ಆಸೆಯಿಂದ, ಆತ್ಮಗಳ ಹೆಸರಿನಲ್ಲಿ ಅವಳ ಮನಸ್ಸನ್ನು ವಶಪಡಿಸಿಕೊಂಡು, ಕೊನೆಗೆ ವಿಷ ಬೆರೆಸಿದಳೆಂಬುದು ಆರೋಪದ ತಿರುಳು. ಶೋಕದಿಂದಲೂ ಅನಾರೋಗ್ಯದಿಂದಲೂ ಬೇಸತ್ತವಳು ತಾನೇ ಪ್ರಾಣಬಿಟ್ಟಳೆಂಬುದು ಪ್ರತಿವಾದ. ಅಲಹಾಬಾದಿನ ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆ ನಡೆದು 1912ರಲ್ಲಿ ಈವಾ ನಿರಪರಾಧಿಯೆಂದು ಬಿಡುಗಡೆ ಹೊಂದಿದಳು. ಈ ಮರಣದ ನಿಜವಾದ ವೃತ್ತಾಂತ ಬಹುಶಃ ಎಂದೆಂದಿಗೂ ತಿಳಿಯಲಾರದೆಂಬ ಅರ್ಥದ ಮಾತನ್ನು ಮುಖ್ಯ ನ್ಯಾಯಾಧೀಶರು ಆಡಿದರೆಂದು ಪ್ರತೀತಿಯಿದೆ.

ನ್ಯಾಯಾಲಯವು ಕೈತೊಳೆದುಕೊಂಡಲ್ಲಿಂದ ಕಥೆಗಾರರು ಕೈಹಾಕಿದರು. ರಡ್ಯರ್ಡ್ ಕಿಪ್ಲಿಂಗ್ ಈ ಪ್ರಕರಣವನ್ನು ಕಾನನ್ ಡಾಯ್ಲನ ಗಮನಕ್ಕೆ ತಂದು, ಇದರಿಂದ ಒಂದು ಕಥೆಯಾದೀತೆಂದು ಸೂಚಿಸಿದನೆನ್ನುತ್ತಾರೆ. ಡಾಯ್ಲ್ ಅದನ್ನು ಬರೆಯಲಿಲ್ಲ. 1920ರಲ್ಲಿ ಅಗಾಥಾ ಕ್ರಿಸ್ಟಿಯ ಮೊದಲ ಪತ್ತೇದಾರಿ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಹೊರಬಂದಿತು. ಯುದ್ಧಕಾಲದಲ್ಲಿ ಟಾರ್ಕೀ ನಗರದ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸಮಾಡುತ್ತ, ಸುತ್ತಲೂ ವಿಷದ ಸೀಸೆಗಳ ನಡುವೆ ಕುಳಿತು, ಆಕೆ ಅದನ್ನು ಹೊಸೆದಿದ್ದಳು. ಅದರಲ್ಲಿಯೂ ಒಬ್ಬ ಶ್ರೀಮಂತೆ ಒಳಗಿನಿಂದ ಅಗಣಿ ಹಾಕಿದ ಕೋಣೆಯಲ್ಲಿ ಸಾಯುತ್ತಾಳೆ. ಅದರಲ್ಲಿಯೂ ಒಬ್ಬ ಸಂಗಾತಿಯಿದ್ದಾಳೆ. ಅದರಲ್ಲಿಯೂ ಕೊಲೆಗಾರನು ದೂರದಲ್ಲಿರುವಾಗ ವಿಷವು ತನ್ನ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಅಲ್ಲಿನ ವಿಷ ಸ್ಟ್ರಿಕ್ನೀನ್, ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಿಂದ ತೆಗೆಯುವಂಥದು. ಸ್ಟ್ರಿಕ್ನೀನಿರುವ ಔಷಧಕ್ಕೆ ಬ್ರೋಮೈಡ್ ಪುಡಿಯನ್ನು ಬೆರೆಸಿದರೆ ಸ್ಟ್ರಿಕ್ನೀನೆಲ್ಲವೂ ಹರಳುಗಟ್ಟಿ ಸೀಸೆಯ ತಳಕ್ಕಿಳಿದು, ಕೊನೆಯ ಗುಟುಕು ಮಾರಕವಾಗುತ್ತದೆಂಬ ರಸಾಯನ ರಹಸ್ಯದ ಮೇಲೆ ಆ ಕಾದಂಬರಿ ನಿಂತಿದೆ. ಮಸ್ಸೂರಿಯ ಕೋಣೆಯಲ್ಲಿ ಈ ರಸಾಯನವೇನೂ ನಡೆದಿರಲಿಲ್ಲ. ಸಾದೃಶ್ಯವಿರುವುದು ನಿಜ, ಅಷ್ಟರಿಂದಲೇ ಆಕೆ ಸವಾಯ್ ಹೋಟೆಲಿನ ಕಥೆಯನ್ನು ಎತ್ತಿಕೊಂಡಳೆಂದು ಸಾಧಿಸಿದಂತಾಗುವುದಿಲ್ಲ. ಮಸ್ಸೂರಿಯ ಮಾರ್ಗದರ್ಶಿಗಳಿಗೆ ಮಾತ್ರ ಇದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ.

ಪ್ರೇತವು ಮೈತುಂಬಿಕೊಂಡುದು ಈ ಕಾದಂಬರಿಯ ನೆರಳಿನಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಇಂದು ಹೇಳುವ ಕಥೆಯಲ್ಲಿ ಮಿಸ್ ಗಾರ್ನೆಟ್-ಆರ್ಮ್ ‘ಲೇಡಿ’ ಗಾರ್ನೆಟ್-ಆರ್ಮ್ ಆಗಿದ್ದಾಳೆ. ಬದುಕಿದ್ದಾಗ ಯಾವ ದೊರೆಯೂ ಕೊಡದಿದ್ದ ಬಿರುದು ಸತ್ತ ಮೇಲೆ ಹೋಟೆಲಿನ ಓಣಿಗಳಲ್ಲಿ ದಕ್ಕಿತು. ಪ್ರಸಿಕ್ ಆಮ್ಲ ಹೋಗಿ ಅನೇಕರ ಬಾಯಲ್ಲಿ ಸ್ಟ್ರಿಕ್ನೀನ್ ಬಂದು ಕುಳಿತಿದೆ, ಅಂದರೆ ಕಾದಂಬರಿಯ ವಿಷವೇ ಚರಿತ್ರೆಯ ಸೀಸೆಯನ್ನು ತುಂಬಿದೆ. 1911 ಒಮ್ಮೊಮ್ಮೆ 1910 ಆಗುತ್ತದೆ. ಅವಳಿಗೆ ಚಿಕಿತ್ಸೆ ಮಾಡಿದ ವೈದ್ಯನೂ ಕೆಲತಿಂಗಳ ಮೇಲೆ ಅದೇ ರೀತಿ ವಿಷದಿಂದ ಸತ್ತನೆಂಬ ಬಾಲವೊಂದು ಸೇರಿಕೊಂಡಿದೆ. ಅವಳು ಪಡಸಾಲೆಯಲ್ಲಿ ಬಾಗಿಲು ಬಾಗಿಲು ತಟ್ಟುತ್ತ, ತನ್ನನ್ನು ಕೊಂದವರು ಯಾರೆಂದು ಹುಡುಕುತ್ತಾಳಂತೆ. ಗಮನಿಸಬೇಕಾದ ಮಾತಿದು: ಸತ್ತವರನ್ನು ಕರೆಯುವುದರಲ್ಲಿಯೇ ಆಯುಷ್ಯದ ಕೊನೆಯ ಭಾಗವನ್ನು ಕಳೆದ ಹೆಂಗಸನ್ನು ಜನ ಈಗ ಕರೆಯದೆಯೇ ಬರುವವಳನ್ನಾಗಿ ಮಾಡಿದ್ದಾರೆ, ಅವಳು ತಾನಾಗಿ ವಿಷ ಕುಡಿದಿದ್ದರೂ ಕುಡಿದಿರಬಹುದೆಂಬ, ನ್ಯಾಯಾಲಯದಲ್ಲಿ ಎತ್ತಿದ ಆ ಸಾಧ್ಯತೆಯನ್ನು ಪ್ರೇತಕಥೆ ಸದ್ದಿಲ್ಲದೆ ಅಳಿಸಿಹಾಕಿದೆ. ಹುಡುಕುವ ಪ್ರೇತವಿದ್ದ ಮೇಲೆ ಕೊಲೆಗಾರರು ಇರಲೇಬೇಕು. ಹೀಗೆ ಕಾನೂನು ಬಿಟ್ಟುಬಿಟ್ಟ ಈವಾ ಮೌಂಟ್‌ಸ್ಟೀಫನಳನ್ನು ಕಥೆಯು ಪ್ರತಿರಾತ್ರಿಯೂ ಕಟಕಟೆಗೆ ಎಳೆಯುತ್ತದೆ, ಅವಳ ಪರವಾಗಿ ಮಾತನಾಡುವ ವಕೀಲರು ಮಾತ್ರ ಅಲ್ಲಿಲ್ಲ.

ಇತರ ಹಳೆಯ ಹೋಟೆಲುಗಳ ಪ್ರೇತಗಳನ್ನು ನೋಡಿದರೂ ಇದೇ ಆಯ್ಕೆಯ ಕ್ರಮ ಕಂಡುಬರುತ್ತದೆ. ರಾಜಸ್ಥಾನದ ಕೋಟಾ ನಗರದಲ್ಲಿ ಚಂಬಲ್ ನದಿಯ ದಡದ ಮೇಲಿರುವ ಬ್ರಿಜರಾಜ ಭವನವು ಮೊದಲು ಬ್ರಿಟಿಷ್ ಪ್ರತಿನಿಧಿಯ ನಿವಾಸವಾಗಿದ್ದು, ಅನಂತರ ರಾಜಮನೆತನದ ವಾಸಗೃಹವಾಗಿ, ಈಗ ಅತಿಥಿಗಳನ್ನು ಇಳಿಸಿಕೊಳ್ಳುವ ಹೋಟೆಲಾಗಿದೆ. 1857ರ ಅಕ್ಟೋಬರ್ 15ರಂದು ಕೋಟಾದ ಸೈನಿಕರು ದಂಗೆಯೆದ್ದು ಆ ಮನೆಯನ್ನು ಮುತ್ತಿ, ಮೇಜರ್ ಚಾರ್ಲ್ಸ್ ಬರ್ಟನ್ನನನ್ನೂ ಅವನ ಇಬ್ಬರು ಮಕ್ಕಳನ್ನೂ ಕೊಂದರು. ಬರ್ಟನ್ನನ ಪ್ರೇತ ಈಗಲೂ ಬೆತ್ತ ಹಿಡಿದು ರಾತ್ರಿ ಗಸ್ತು ತಿರುಗುತ್ತದೆಂದೂ, ತೂಕಡಿಸುವ ಕಾವಲುಗಾರನ ಕೆನ್ನೆಗೆ ಏಟು ಹಾಕುತ್ತದೆಂದೂ, ಅತಿಥಿಗಳನ್ನು ಮಾತ್ರ ಎಂದೂ ಪೀಡಿಸಿಲ್ಲವೆಂದೂ ಅಲ್ಲಿಯವರು ಹೇಳುತ್ತಾರೆ. ಈ ಪ್ರೇತದ ಶಿಸ್ತು ನನಗೆ ಬಹಳ ಹಿಡಿಸಿದೆ: ಸತ್ತು ಒಂದೂವರೆ ಶತಮಾನವಾದರೂ ಅದು ಹಣ ಕೊಡುವವರನ್ನೂ ಸಂಬಳಕ್ಕಿರುವವರನ್ನೂ ಸರಿಯಾಗಿ ವಿಂಗಡಿಸುತ್ತದೆ! ದಂಗೆಯ ಮುಂದಾಳುಗಳಾದ ಲಾಲಾ ಜಯದಯಾಳನೂ ಮೆಹ್ರಾಬ್ ಖಾನನೂ ಮುಂದೆ ಗಲ್ಲಿಗೇರಿದರು. ಅಕಾಲಮರಣವೇ ಪ್ರೇತತ್ವಕ್ಕೆ ಕಾರಣವಾಗುವುದಾದರೆ ಅವರಿಗೂ ಆ ಅರ್ಹತೆ ಸಮನಾಗಿಯೇ ಇದ್ದಿತು. ಆದರೆ ಅವರು ತಿರುಗಾಡಿದ ಸುದ್ದಿಯಿಲ್ಲ. ಇನ್ನು ಮುಂಬಯಿಯ ತಾಜಮಹಲ್ ಹೋಟೆಲಿನ ಕಥೆಗಂತೂ ಸಾವಿನ ಆಧಾರವೂ ಬೇಕಾಗಲಿಲ್ಲ. ಕಟ್ಟಡವನ್ನು ತನ್ನ ನಕಾಶೆಗೆ ವಿರುದ್ಧವಾಗಿ ಹಿಂದುಮುಂದಾಗಿ ಕಟ್ಟಿದರೆಂದು ಶಿಲ್ಪಿ ಮೇಲಿನಿಂದ ಹಾರಿ ಪ್ರಾಣಬಿಟ್ಟನೆಂದೂ, ಅವನ ಪ್ರೇತ ಹಳೆಯ ಭಾಗದಲ್ಲಿ ಸುಳಿಯುತ್ತದೆಂದೂ ಹೇಳುತ್ತಾರೆ. ಅದನ್ನು ರೂಪಿಸಿದವರು ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ, ಪೂರೈಸಿದವನು ಡಬ್ಲ್ಯು. ಎ. ಚೇಂಬರ್ಸ್. ವೈದ್ಯರು ಕಟ್ಟಡ ಮುಗಿಯುವ ಮೊದಲೇ ತೀರಿಕೊಂಡುದು ನಿಜ. ಆದರೆ ಹಾರಿಕೊಂಡವರು ಯಾರೂ ಇಲ್ಲ. ಪ್ರವೇಶದ್ವಾರವನ್ನು ಊರಿನ ಕಡೆಗಿಟ್ಟದ್ದು ಸಮುದ್ರದ ಕಡೆಯ ನೋಟವನ್ನೂ ಗಾಳಿಯನ್ನೂ ಕೋಣೆಗಳಿಗೆ ಬಿಟ್ಟುಕೊಡಬೇಕೆಂಬ ಉದ್ದೇಶದಿಂದಲೇ.

ಸವಾಯ್ ಹೋಟೆಲಿಗೆ ಮರಳೋಣ. ಪ್ರೇತವು ಬಲಗೊಳ್ಳಬೇಕಾದರೆ ಮನೆ ಬರಿದಾಗಬೇಕು. ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ, ನರ್ತನಶಾಲೆಯಲ್ಲಿ ವಾದ್ಯ ಮೊಳಗಿ, ಸಂಸ್ಥಾನಗಳ ಅರಸರೂ ರಜದ ಮೇಲಿನ ಅಧಿಕಾರಿಗಳೂ ಕಿಕ್ಕಿರಿದಿದ್ದಾಗ, ಫ್ರಾನ್ಸಿಸಳಿಗೆ ಕಾಲಿಡಲೂ ಎಡೆಯಿದ್ದಿರಲಾರದು. 1947ರಲ್ಲಿ ಆಂಗ್ಲರು ಹೋದರು. ಅರಸರ ರಾಜಧನ 1971ರಲ್ಲಿ ನಿಂತಿತು. ಬೇಸಗೆಯೆಲ್ಲ ಬೆಟ್ಟದಲ್ಲಿ ಬೀಡುಬಿಡುವ ಪದ್ಧತಿ ಹೋಗಿ, ಎರಡು ದಿನ ನೋಡಿ ಇಳಿಯುವ ಪ್ರವಾಸಿಗರ ಕಾಲ ಬಂದಿತು, ಅವರಿಗೆ ಬೇಕಾದುದು ಮಾಲ್ ರಸ್ತೆಯ ಅಂಚಿನ ಚಿಕ್ಕ ವಸತಿಗೃಹಗಳೇ ಹೊರತು ಇಷ್ಟು ದೊಡ್ಡ ಅರಮನೆಯಲ್ಲ. ಬೆಟ್ಟದ ಹೋಟೆಲಿಗೆ ಇದಲ್ಲದೆ ಇನ್ನೊಂದು ಕಷ್ಟ ಜನ್ಮಕ್ಕಂಟಿದ್ದು: ಜುಲೈಯಿಂದ ಸೆಪ್ಟೆಂಬರಿನವರೆಗೆ ಮಳೆ, ಚಳಿಗಾಲದಲ್ಲಿ ಹಿಮ, ವರ್ಷದ ಬಹುಭಾಗ ಕೋಣೆಗಳು ಬರಿದು, ಆಳುಗಳು ನಾಲ್ವರೋ ಐವರೋ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಗಡಿನ ಮಾಡು ಸೋರತೊಡಗಿತು, ಮರದ ನೆಲಗಟ್ಟು ಸಡಿಲಿತು, ಬೀಗ ಹಾಕಿದ ಕೋಣೆಗಳ ಸಾಲು ವರ್ಷವರ್ಷಕ್ಕೂ ಉದ್ದವಾಯಿತು. ಹಗಲಿನ ಬಿಸಿಲಿಗೆ ಹಿಗ್ಗಿದ ಹಲಗೆ ರಾತ್ರಿಯ ಚಳಿಗೆ ಕುಗ್ಗುವಾಗ ಬಂದೂಕಿನಂತೆ ಸಿಡಿಯುತ್ತದೆ. ಮುಸುವ ಮಾಡಿನ ಮೇಲೆ ಹಾರಿದರೆ ಗುಡುಗಿದಂತಾಗುತ್ತದೆ. ಕಣಿವೆಯಿಂದೇಳುವ ಮಂಜು ಒಡೆದ ಕಿಟಕಿಯಿಂದ ನುಗ್ಗಿ ಪಡಸಾಲೆಯಲ್ಲಿ ನಿಧಾನವಾಗಿ ಸಾಗುವುದನ್ನು ಕಂದೀಲಿನ ಬೆಳಕಿನಲ್ಲಿ ಕಂಡ ಕಾವಲುಗಾರನು ಅದಕ್ಕೊಂದು ಹೆಸರಿಡದೆ ಹೇಗಿದ್ದಾನು? ಹೆಸರು ಸಿದ್ಧವಾಗಿಯೇ ಇದ್ದಿತು. ರಸ್ಕಿನ್ ಬಾಂಡರು ಆ ಪ್ರಕರಣವನ್ನು ತಮ್ಮ ಬರವಣಿಗೆಯಲ್ಲಿ ಮತ್ತೆ ಎತ್ತಿದ ಮೇಲೆ ಬೆಟ್ಟದ ವದಂತಿ ದೇಶದ ಕಥೆಯಾಯಿತು.

ಜೀರ್ಣೋದ್ಧಾರವಾದುದು ಇಪ್ಪತ್ತೊಂದನೆಯ ಶತಮಾನದಲ್ಲಿ. ಹೊಸ ಒಡೆಯರು ಅದನ್ನು ಕೊಂಡು, ಗಾಥಿಕ್ ಹೊರಮುಖವನ್ನು ಉಳಿಸಿಕೊಂಡು ಒಳಗನ್ನು ಹೊಸದಾಗಿಸಿ, ಐಟಿಸಿ ಸಮೂಹದ ನಿರ್ವಹಣೆಯಲ್ಲಿ ಮತ್ತೆ ಬಾಗಿಲು ತೆರೆದರು. ದೆವ್ವ ಹಿಡಿದ ಮನೆಯೆಂದರೆ ನಮ್ಮ ಊರುಗಳಲ್ಲಿ ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ. ಇಲ್ಲಿ ಮಾತ್ರ ನಡೆದುದು ತದ್ವಿರುದ್ಧ. ನೆಲ ಬದಲಾಯಿತು, ಮಾಡು ಬದಲಾಯಿತು, ಕೊಳಾಯಿ ದೀಪಗಳು ಹೊಸದಾದುವು. ಹಳತಾಗಿಯೇ ಉಳಿಯಬೇಕಾದ, ಉಳಿಸಿಕೊಳ್ಳಲು ಖರ್ಚಿಲ್ಲದ ವಸ್ತುವೆಂದರೆ ಪ್ರೇತ. ಬೆಚ್ಚನೆಯ ಕೋಣೆ, ಉರಿಯುವ ಅಗ್ಗಿಷ್ಟಿಕೆ, ಕೈಗೆಟುಕುವ ಕರೆಗಂಟೆ, ಇಷ್ಟು ಭದ್ರತೆ ಒದಗಿದ ಮೇಲೆ ಭಯವೆಂಬುದು ಒಂದು ರಸವಾಗುತ್ತದೆ. ಭಯಾನಕವನ್ನು ನವರಸಗಳಲ್ಲಿ ಎಣಿಸಿದ ನಮ್ಮ ಆಲಂಕಾರಿಕರಿಗೆ ಈ ಮಾತು ಹೊಸದೇನೂ ಅಲ್ಲ. ಒಡೆದ ಕಿಟಕಿಯ ಕೆಳಗೆ ಕಂದೀಲು ಹಿಡಿದು ಕುಳಿತಿದ್ದ ಕಾವಲುಗಾರನಿಗೆ ಅದು ರಸವಾಗಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರೇತದ ದೀಪವನ್ನೇ ಹಿಡಿದು ಈ ಹೋಟೆಲಿನ ಚರಿತ್ರೆಯನ್ನು ಓದಹೊರಟವನು ಅಲ್ಲಿ ನಡೆದ ಎಲ್ಲಕ್ಕಿಂತ ಮುಖ್ಯವಾದ ಘಟನೆಯನ್ನೇ ಕಾಣದೆ ಹೋಗುತ್ತಾನೆ. ಏಕೆಂದರೆ ಅದರಲ್ಲಿ ಯಾರೂ ಸಾಯಲಿಲ್ಲ. 1919ರ ಆಂಗ್ಲೋ-ಅಫ್ಘನ್ ಯುದ್ಧದ ಅನಂತರ ಸಂಧಾನಕ್ಕಾಗಿ ಮಹಮೂದ್ ತರ್ಜಿಯ ನಾಯಕತ್ವದಲ್ಲಿ ಅಫ್ಘನ್ ಪ್ರತಿನಿಧಿಗಳು 1920ರಲ್ಲಿ ಮಸ್ಸೂರಿಗೆ ಬಂದು ಸವಾಯ್ ಹೋಟೆಲಿನಲ್ಲಿ ಇಳಿದುಕೊಂಡಿದ್ದರು. ಅದೇ ಬೇಸಗೆಯಲ್ಲಿ, ಅಸ್ವಸ್ಥರಾಗಿದ್ದ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದ, ಇನ್ನೂ ಮೂವತ್ತೊಂದು ತುಂಬದ ಜವಾಹರಲಾಲ ನೆಹರೂ ಅದೇ ಹೋಟೆಲಿನಲ್ಲಿ ತಂಗಿದ್ದರು. ಒಂದೇ ಊಟದ ಮನೆಯಲ್ಲಿ ದಿನವೂ ಎದುರಾಗುತ್ತಿದ್ದರೂ ಅವರು ಅಫ್ಘನರೊಡನೆ ಮಾತನಾಡಿದವರಲ್ಲ. ಸರ್ಕಾರಕ್ಕೆ ಮಾತ್ರ ದೆವ್ವದ ಭಯಕ್ಕಿಂತ ಹೆಚ್ಚಿನ ಭಯ ಹಿಡಿಯಿತು. ಅಫ್ಘನರ ಸಂಪರ್ಕ ಮಾಡುವುದಿಲ್ಲವೆಂದು ಬರೆದುಕೊಡಬೇಕೆಂದು ಪೊಲೀಸ್ ಅಧಿಕಾರಿ ಬಂದು ಕೇಳಿದನು. ಸಂಪರ್ಕದ ಯೋಚನೆಯೇ ಇಲ್ಲದಿದ್ದ ನೆಹರೂ, ಅಂತಹ ವಾಗ್ದಾನವನ್ನು ಕೊಡುವುದು ಸ್ವಾಭಿಮಾನಕ್ಕೆ ಕುಂದೆಂದು ನಿರಾಕರಿಸಿದರು. ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಜಿಲ್ಲೆಯನ್ನು ಬಿಡಬೇಕೆಂದು ಆಜ್ಞೆಯಾಯಿತು. ಕಾಯಿಲೆಯ ತಾಯಿಯನ್ನೂ ಹೆಂಡತಿಯನ್ನೂ ಹೋಟೆಲಿನಲ್ಲಿಯೇ ಬಿಟ್ಟು ಅವರು ಬೆಟ್ಟವಿಳಿದರು. ಕೆಲದಿನಗಳ ಮೇಲೆ ಆಜ್ಞೆ ರದ್ದಾಗಿ ತಂದೆಯೊಡನೆ ಹಿಂದಿರುಗಿದಾಗ, ಹೋಟೆಲಿನ ಅಂಗಳದಲ್ಲಿ ಅಫ್ಘನ್ ಪ್ರತಿನಿಧಿಗಳಲ್ಲೊಬ್ಬನು ತಮ್ಮ ಮಗಳು ಇಂದಿರೆಯನ್ನು ಎತ್ತಿಕೊಂಡು ಮುದ್ದಾಡುತ್ತಿದ್ದುದನ್ನು ಕಂಡುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಸುದ್ದಿಪತ್ರಿಕೆಯಲ್ಲಿ ಗಡೀಪಾರಿನ ವರ್ತಮಾನವನ್ನೋದಿದ ಅಫ್ಘನರು ಅವರ ತಾಯಿಗೆ ಪ್ರತಿದಿನವೂ ಹಣ್ಣುಹೂವುಗಳ ಬುಟ್ಟಿಯನ್ನು ಕಳುಹಿಸತೊಡಗಿದ್ದರು.

ಗಡೀಪಾರಾಗಿ ಅಲಹಾಬಾದಿನಲ್ಲಿ ಕುಳಿತಿರದಿದ್ದರೆ, ಆ ಜೂನ್ ತಿಂಗಳಿನಲ್ಲಿ ಪ್ರತಾಪಗಡದ ಹಳ್ಳಿಗಳಿಂದ ಕಾಲ್ನಡಿಗೆಯಲ್ಲಿ ಬಂದು ಯಮುನೆಯ ದಡದಲ್ಲಿ ಬೀಡುಬಿಟ್ಟಿದ್ದ ಇನ್ನೂರು ಮಂದಿ ರೈತರನ್ನು ನೆಹರೂ ಕಾಣುತ್ತಿರಲಿಲ್ಲ. ಜಮೀನುದಾರರ ಸುಲಿಗೆಯನ್ನು ಹೇಳಿಕೊಂಡು, ತಮ್ಮೊಡನೆ ಬಂದು ಕಣ್ಣಾರೆ ನೋಡಬೇಕೆಂದು ಆ ರೈತರು ಹಟಹಿಡಿದರು. ಬ್ಯಾರಿಸ್ಟರ್ ನೆಹರೂ ರೈಲುದಾರಿಗೂ ಪಕ್ಕಾ ರಸ್ತೆಗೂ ದೂರವಾದ ಅವರ ಹಳ್ಳಿಗಳಲ್ಲಿ ಮೂರು ದಿನ ತಿರುಗಿ, ಅವರ ಗುಡಿಸಲುಗಳಲ್ಲಿ ಉಂಡು ಮಲಗಿ ಬಂದರು.